ಅಣ್ಣನಿಗೆ ಕೊಟ್ಟ ಮಾತು

ಹ್ಯೂಸ್ಟನ್
ಮಾರ್ಚ್ ೯, ಭಾನುವಾರ

ಪ್ರೀತಿಯ ಉಷಾ,

ಈಚೆಗೆ ಫೋನಿನಲ್ಲಿ ನಾವಿಬ್ಬರೂ ಮಾತು ಮುಗಿಸುವುದಿಲ್ಲ, ನಿಲ್ಲಿಸುತ್ತೇವೆ. ಅದಕ್ಕೇ ಈ ಕಾಗದ. ಇದರಲ್ಲಿ ನೀನು ನನ್ನನ್ನು ನಡುವೆ ತಡೆಯಲಾರೆ. ನಾದಿನಿಯ ಮುಂದೆ ಅತ್ತಿಗೆಗೆ ಇಷ್ಟಾದರೂ ಅನುಕೂಲವಿರಲಿ.

ಸರ್ಕಾರಿ ವಕೀಲೆ ಗುರುವಾರ ನನ್ನನ್ನು ಕರೆಸಿದ್ದರು. ಅಂಗಡಿ ದೋಚಲು ಬಂದು ನಿಮ್ಮಣ್ಣನನ್ನು ಕೊಂದವನಿಗೆ ಮರಣದಂಡನೆ ಕೇಳಬೇಕೋ, ಹೊರಬರುವ ದಾರಿಯೇ ಇಲ್ಲದ ಜೀವಾವಧಿ ಸಾಕೋ ಎಂದು ಮನೆಯವರನ್ನು ಕೇಳುವುದು ಇಲ್ಲಿಯ ರೂಢಿಯಂತೆ. ತೀರ್ಮಾನ ವಕೀಲೆಯದೇ, ಆದರೂ ಹೆಂಡತಿ ಮತ್ತು ತಂಗಿ ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಹೆಚ್ಚು ಎಂದರು. ನಾನು ಜೀವಾವಧಿ ಸಾಕು ಎಂದು ಹೇಳಿ ಬಂದಿದ್ದೇನೆ. ಬೇರೆಯವರಿಂದ ನಿನಗೆ ತಿಳಿಯಬಾರದೆಂದು ಮೊದಲು ಇದನ್ನೇ ಬರೆದೆ.

ನಿನ್ನ ಯಜಮಾನರು ಏನು ಹೇಳುತ್ತಾರೆಂದು ಗೊತ್ತು. ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಪಿಸ್ತೂಲಿದ್ದಿದ್ದರೆ ಭಾವ ಇವತ್ತು ಇರುತ್ತಿದ್ದರು ಎಂದು. ಹಿಲ್‌ಕ್ರಾಫ್ಟ್ ರಸ್ತೆಯ ಅಕ್ಕಪಕ್ಕದ ಅಂಗಡಿಯವರೂ ನಿಮ್ಮಣ್ಣನಿಗೆ ಅದನ್ನೇ ಹೇಳಿ ಸಾಕಾಗಿದ್ದರು. "ನಾನು ಮಾರೋದು ತೊಗರಿಬೇಳೆ ಕಣ್ರೀ, ಅದಕ್ಕೂ ಬಂದೂಕಾ?" ಎಂದು ಇವರು ನಗುತ್ತಿದ್ದರು. ಇದ್ದಿದ್ದರೆ ಉಳಿಯುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಕ್ಯಾಲ್ಕುಲೇಟರ್ ಎಲ್ಲಿಟ್ಟೆ ಎಂದು ದಿನವೂ ಹುಡುಕುತ್ತಿದ್ದ ಮನುಷ್ಯ ಬಂದೂಕನ್ನು ಸಮಯಕ್ಕೆ ಸರಿಯಾಗಿ ತೆಗೆಯುತ್ತಿದ್ದರೆಂದು ನಂಬುವುದು ಕಷ್ಟ.

ಆದರೆ ನಿನ್ನನ್ನು ಕಟ್ಟಿಹಾಕಿರುವುದು ಆ ವಾದವಲ್ಲ, ವರ್ಷದ ತಿಥಿಯ ದಿನ ನೀನು ಕೊಟ್ಟ ಮಾತು. ಹಿತ್ತಲಲ್ಲಿ ಪಿಂಡ ಇಟ್ಟು ಎಲ್ಲರೂ ಕಾದೆವು. ಒಂದು ಕಾಗೆಯೂ ಸುಳಿಯಲಿಲ್ಲ. ಪಾರ್ಕಿಂಗ್ ಲಾಟುಗಳಲ್ಲಿ ಕಿರುಚಾಡುವ ಉದ್ದಬಾಲದ ಗ್ರ್ಯಾಕಲ್ ಹಕ್ಕಿಯೊಂದು ಬೇಲಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. "ಕಪ್ಪಗಿದೆಯಲ್ಲ, ನಡೆಯುತ್ತೆ ಬಿಡಿ" ಎಂದರು ಪುರೋಹಿತರು. ಅದೂ ಮುಟ್ಟಲಿಲ್ಲ. ಹೋದವರ ಆಸೆ ಏನೋ ಉಳಿದಿದೆ, ನಡೆಸಿಕೊಡುತ್ತೇವೆಂದು ಯಾರಾದರೂ ಹೇಳಿ ಎಂದು ಪುರೋಹಿತರೇ ಅಂದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಅಂಗಡಿ ಮುಚ್ಚುವುದಿಲ್ಲ, ಮಗಳ ಓದು ನಿಲ್ಲಿಸುವುದಿಲ್ಲ. ಹಕ್ಕಿ ಅಲ್ಲಾಡಲಿಲ್ಲ. ಆಗ ನೀನು ಮುಂದೆ ಬಂದೆ. "ಅಣ್ಣಾ, ಅವನನ್ನ ಬದುಕೋಕೆ ಬಿಡಲ್ಲ. ನೀನು ಊಟ ಮಾಡು." ಹಕ್ಕಿ ಇಳಿದು ಬಂದು ತಿಂದಿತು.

ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಕೈಮುಗಿದು ನಿಂತಿದ್ದೆ, ನಿನಗೆ ಕಂಡದ್ದು ಅಷ್ಟೇ. ನೀನು ಮಾತಾಡುತ್ತಿದ್ದಾಗಲೇ ನಾನೂ ಮನಸ್ಸಿನಲ್ಲಿ ಅವರಿಗೆ ಮಾತು ಕೊಟ್ಟೆ: ನಿಮ್ಮ ಹೆಸರಿನಲ್ಲಿ ಯಾರನ್ನೂ ಕೊಲ್ಲಲು ಬಿಡುವುದಿಲ್ಲ, ನೆಮ್ಮದಿಯಾಗಿ ಉಣ್ಣಿ. ಹಕ್ಕಿ ಯಾರ ಮಾತಿಗೆ ಇಳಿಯಿತೋ ನೀನೂ ಹೇಳಲಾರೆ, ನಾನೂ ಹೇಳಲಾರೆ. ಅದನ್ನು ಸಾಕ್ಷಿಗೆ ಕರೆಯುವುದು ಬೇಡ.

ನನ್ನ ಕೋಪ ಆರಿದೆ ಎಂದುಕೊಳ್ಳಬೇಡ. ಬಾಯಿಮಾತಿಗೆ ನಾವು ಗಲ್ಲು ಎನ್ನುತ್ತೇವೆ, ಇಲ್ಲಿ ಹಗ್ಗವಿಲ್ಲ. ಪಟ್ಟಿ ಬಿಗಿದ ಮಂಚ, ವಿಷದ ಸೂಜಿ, ಮುಂದೆ ಗಾಜು. ಗಾಜಿನ ಈಚೆ ನಮಗೆ ಜಾಗವಿರುತ್ತದಂತೆ, ಬೇಕಾದರೆ ನಿಂತು ನೋಡಬಹುದಂತೆ. ವಕೀಲೆ ಹಾಗೆ ಹೇಳಿದಾಗ ನನಗೆ ನೋಡಬೇಕೆಂದು ಆಸೆಯಾಯಿತು ಉಷಾ, ಹಸಿವಿನಂಥ ಆಸೆ. ಅದನ್ನು ಕಂಡ ಮೇಲೇ ನಾನು ಬೇಡ ಎಂದದ್ದು. ಆ ಗಾಜಿನ ಮುಂದೆ ನಿಂತು ಬಂದವಳು ಮನೆಯಲ್ಲಿ ಮತ್ತೆ ಕವಿತೆಯ ಪುಸ್ತಕ ತೆರೆಯಬಹುದು. ಆದರೆ ಓದುವವಳು ನಾನಾಗಿರುವುದಿಲ್ಲ. ಆಸ್ಟಿನ್ನಿನಿಂದ ಮಗಳು ಮಹತಿ ಇಂಗ್ಲಿಷಿನಲ್ಲಿ ಕೇಳಿದ್ದೂ ಒಂದೇ ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಅಪ್ಪನ ಹೆಸರು ಹುಡುಕಿದರೆ ಕೊಂದವನ ಮುಖ ಬರುತ್ತದೆ, ಅಪೀಲಿನ ಮೇಲೆ ಅಪೀಲು ಎಂದು ಅದು ಇನ್ನೆಷ್ಟು ವರ್ಷ?

ಈ ಶುಕ್ರವಾರದೊಳಗೆ ನಿನ್ನ ಮಾತೂ ವಕೀಲೆಗೆ ಬೇಕು. ಬೇರೆ ಹೇಳುವುದಾದರೆ ಹೇಳು. ನೀನು ನಿಮ್ಮಣ್ಣನ ಬೆನ್ನಿಗೆ ಬಿದ್ದ ತಂಗಿ, ನನಗಿಂತ ಎಷ್ಟೋ ಮೊದಲಿನಿಂದ ಅವರನ್ನು ಬಲ್ಲವಳು. ಆ ಹಕ್ಕನ್ನು ನಾನು ಕಸಿಯುವುದಿಲ್ಲ. ನೀನು ಹೇಳುವಾಗ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಬೇರೆಬೇರೆ ಮಾತು ಹೇಳಿಯೂ ನಾವು ಒಂದೇ ಕಾರಿನಲ್ಲಿ ವಾಪಸ್ ಬರಬಲ್ಲೆವು.

ನಿನ್ನ ಅತ್ತಿಗೆ,
ಇಂದುಮತಿ

ತಾ.ಕ.: ವಕೀಲೆಯ ಆಫೀಸಿನ ಮುಂಬಾಗಿಲಲ್ಲಿ ಕೂರುವ ಹೆಂಗಸು ನಿನ್ನನ್ನು ವಿಚಾರಿಸಿದಳು. ನಿಮ್ಮೂರು ಫ್ರಿಸ್ಕೋದಿಂದ ನೀನೊಬ್ಬಳೇ ನಾಲ್ಕೈದು ಗಂಟೆ ಡ್ರೈವ್ ಮಾಡಿಕೊಂಡು ಎರಡು ಸಲ ಬಂದಿದ್ದೆಯಂತೆ. ಹೆಸರು ಬರೆಸಿ, ಕೂತು, ಒಳಗೆ ಕರೆಯುವಷ್ಟರಲ್ಲಿ ಎದ್ದು ಹೋಗಿದ್ದೆಯಂತೆ. ಯಾಕೆಂದು ನಾನು ಕೇಳುವುದಿಲ್ಲ. ಇಷ್ಟು ದೂರ ಬಂದು ಮನೆಗೆ ಬರದೆ ಹೋದೆಯಲ್ಲ, ನನ್ನ ಸಿಟ್ಟು ಅದಕ್ಕೆ. ಗುರುವಾರ ಸಂಜೆಯೇ ಬಾ. ಊಟಕ್ಕೆ ಕಾದಿರುತ್ತೇನೆ.