ನೋವಿಲ್ಲದ ಮಂಡಿ

ಜೂನ್ 10, ಬೆಳಿಗ್ಗೆ

ಲ್ಯಾಬಿನ ಫ್ರೀಜರ್ ಮೈನಸ್ ಎಪ್ಪತ್ತೊಂಬತ್ತು ಡಿಗ್ರಿ. ಕರೆಂಟ್ ಮೂರು ಸಲ ಹೋಗಿತ್ತಂತೆ, ಜನರೇಟರ್ ಕೈಕೊಟ್ಟಿಲ್ಲ. ಪುಣ್ಯ.

ಇವತ್ತು ಒಂದೇ ಆಪರೇಷನ್. ಎಮ್ಮಿಗನೂರಿನ ಭೀಮವ್ವ, ಅರವತ್ತಾರು. ಹೊಸ ಮಂಡಿ ಹಾಕಿಸಿಕೊಳ್ಳಲು ಬಂದವರು. ತೆಗೆದ ಹಳೆಯದರ ಚೂರು ನಮ್ಮ ಸಂಶೋಧನೆಗೆ ಕೊಡ್ತೀರಾ ಎಂದೆ.

"ಸವೆದ್ ಹೋಗಿರೋ ಮಣಕಾಲ್ ತಗಂಡು ಏನ್ ಮಾಡ್ತೀಯವ್ವ?"

"ಅದರಾಗಿನ ಪ್ರೋಟೀನ್ ನೋಡ್ತೀವ್ರಿ. ಸವೆಯೋದು ಎಲ್ಲಿಂದ ಶುರು ಆಗ್ತೈತಿ ಅಂತ."

"ನನ್ನ ಕೇಳು, ಹೇಳ್ತೀನಿ. ನಲವತ್ತ್ ವರ್ಷ ಕೆಸರಾಗ ಭತ್ತ ನಾಟಿ ಮಾಡೀನಿ. ಅಲ್ಲಿಂದ."

ನಗಿಸಿಬಿಟ್ಟರು. ಆಮೇಲೆ ಕೈ ಹಿಡಿದುಕೊಂಡು, "ನೀನೊಬ್ಬಾಕಿ ಮೊದ್ಲು ನೋವೈತೇನು ಅಂತ ಕೇಳಿದಿ. ಉಳಿದೋರೆಲ್ಲ ಎಕ್ಸ್‌ರೇ ಕೇಳಿದ್ರು."

ಈಗೀಗ ಎಲ್ಲರನ್ನೂ ಮೊದಲು ಅದನ್ನೇ ಕೇಳುತ್ತೇನೆ. ಕೇಳಬೇಕಾಗಿದ್ದವನನ್ನು ಕೇಳಲಿಲ್ಲ.

ಜೂನ್ 13

ಬರೆದೇ ಬಿಡುತ್ತೇನೆ. ಯಾರು ಓದಬೇಕು ಇದನ್ನು...

ಸವೆದ ಮಂಡಿಗಳು ನಲವತ್ತೊಂದು. ಹೋಲಿಸಿ ನೋಡಲು ಆರೋಗ್ಯವಾಗಿದ್ದ ಮಂಡಿ ಒಂದೇ ಒಂದು. ಡಬ್ಬಿಯ ಮೇಲೆ ಹೆಸರಿಲ್ಲ. ಸಿ-1. ಗಂಡು, ವಯಸ್ಸು ಮೂವತ್ತೊಂದು.

ಅದು ಪಂಪೇಶನದು. ಮೆಟ್ರಿಯ ಪಂಪೇಶ, ಸಂಡೂರಿನ ಗಣಿಯಲ್ಲಿ ಸೂಪರ್‌ವೈಸರ್. ಮೂರು ವರ್ಷ ಭಾನುವಾರ ತಪ್ಪದೆ ಮಲಪನಗುಡಿ ಸ್ಟಾಪಿನಲ್ಲಿ ನನಗಾಗಿ ಕಾದವನು. ಬುದ್ಧ ಪೂರ್ಣಿಮೆ ಮುಗಿದ ಮೇಲೆ ಎರಡೂ ಮನೆಗೆ ಹೇಳುವುದು ಎಂದಾಗಿತ್ತು.

ಫೆಬ್ರುವರಿಯಲ್ಲಿ ಟಿಪ್ಪರ್ ಕಾಲ ಮೇಲೆ ಹರಿಯಿತು. ಪಾದ, ಮೀನಖಂಡ ನುಜ್ಜುಗುಜ್ಜು. ನಂಜು ಏರುತ್ತಿದೆ, ಮಂಡಿಗಿಂತ ಮೇಲಕ್ಕೆ ಕಾಲು ತೆಗೆಯಬೇಕು ಎಂದರು ಡಾಕ್ಟರು. ನನಗೆ ಇದೇನೂ ಗೊತ್ತಿರಲಿಲ್ಲ. ಪ್ರಾಜೆಕ್ಟಿನ ಕನಕರಾಜ್ ಸರ್ ಫೋನ್ ಮಾಡಿದರು. "ಯಶೋಧರಾ, ಯಂಗ್ ಪೇಷಂಟ್, ಮಂಡಿ ಚೆನ್ನಾಗೈತಿ! ಜಲ್ದಿ ಓಡು, ಕನ್ಸೆಂಟ್ ತಗೋ." ಹೆಸರು ಹೇಳಲಿಲ್ಲ. ಒಂದೂವರೆ ವರ್ಷ ಕಾದಿದ್ದ ಮಂಡಿ. ಐಸ್ ಡಬ್ಬಿ, ಫಾರಂ ಹಿಡಿದು ಖುಷಿಯಿಂದ ಓಡಿದೆ. ಹೌದು, ಖುಷಿಯಿಂದ.

ಸ್ಟ್ರೆಚರ್ ಮೇಲೆ ಇವನು.

ಗಾಬರಿಯಲ್ಲಿ ಬಾಯಿಗೆ ಬಂದದ್ದು ದಿನಾ ಹೇಳುವ ಪಾಠ. "ನಿಮ್ಮ ಅಂಗಾಂಶವನ್ನು ಸಂಶೋಧನೆಗೆ ಕೊಡಲು ಒಪ್ಪಿಗೆ ಇದೆಯೇ?" ಪಂಪೇಶನಿಗೆ 'ನಿಮ್ಮ' ಎಂದೆ. ಸಹಿ ಹಾಕಿದ. ನನ್ನ ಮುಖ ನೋಡಲಿಲ್ಲ.

ಜೂನ್ 14

ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆ ಎತ್ತಿದ್ದ. "ನಿನಗ ಮಣಕಾಲ್ ಬೇಕಿತ್ತು, ಕೊಟ್ಟೆ. ಇನ್ನೇನ್ ಬೇಕಲೇ?"

ನೀನು ಬೇಕಿತ್ತು. ಹೇಳುವಷ್ಟರಲ್ಲಿ ಕಟ್ ಮಾಡಿದ್ದ.

ಜುಲೈ 2

ರಿಸಲ್ಟ್ ಬಂತು. ಭೀಮವ್ವನ ಮಂಡಿಯಲ್ಲಿ ಕಾರ್ಟಿಲೇಜನ್ನು ಹಿಡಿದಿಡುವ ಪ್ರೋಟೀನ್‌ಗಳು ಚೂರುಚೂರು. ಅವನದರಲ್ಲಿ ಎಲ್ಲವೂ ಇದ್ದ ಹಾಗೇ ಇವೆ. ಸರ್ ಕುಣಿಯುವುದೊಂದು ಬಾಕಿ. "ಇಂಥವು ಇನ್ನೂ ಬೇಕು. ಆದ್ರ ಇದು ಇಲ್ಲ ಅಂದ್ರ ಶುರುನೇ ಇಲ್ಲ."

ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಜುಲೈ 9

ಎಷ್ಟೋ ಜನರಿಗೆ ಓದಿ ಹೇಳಿದ ಫಾರಂ, ಇವತ್ತು ನನಗೇ ಓದಿಕೊಂಡೆ. ಆರನೇ ಸಾಲು: ಯಾವಾಗ ಬೇಕಾದರೂ, ಕಾರಣ ಕೊಡದೆ, ಒಪ್ಪಿಗೆ ಹಿಂಪಡೆಯಬಹುದು. ಅವನು ಹಿಂಪಡೆದರೆ ಸ್ಯಾಂಪಲ್ ಹೋಯಿತು, ರಿಸಲ್ಟ್ ಹೋಯಿತು, ನನ್ನ ಎರಡು ವರ್ಷ ಹೋಯಿತು. ಸರ್ ನನ್ನನ್ನು ಇಟ್ಟುಕೊಳ್ಳುವುದೂ ಅನುಮಾನ.

ಆದರೆ ಖುದ್ದು ಬಂದು ಸಹಿ ಹಾಕಬೇಕು. ಖುದ್ದು!

ಮೆಸೇಜ್ ಹಾಕಿದೆ. "ನಿಂದು ನಿನಗ ವಾಪಸ್ ಬೇಕಂದ್ರ ಬಾ. ಫಾರಂ ನಾನೇ ಕೊಡ್ತೀನಿ." ಕಿತ್ತುಕೊಂಡು ಹೋಗಲಾದರೂ ಬರಲಿ.

ಜುಲೈ 23

ನೋಡಿದ್ದಾನೆ. ನೀಲಿ ಟಿಕ್ ಇದೆ. ಅಷ್ಟೇ.

ಆಗಸ್ಟ್ 5, ಮಧ್ಯಾಹ್ನ

ಬಂದ. ಎರಡು ಊರುಗೋಲು. ಸೊರಗಿದ್ದಾನೆ. ಫಾರಂ, ಪೆನ್ನು ಮುಂದಿಟ್ಟೆ.

"ಮೊದ್ಲು ತೋರ್ಸು."

ಗ್ಲೌಸ್ ಹಾಕಿಕೊಂಡು ಪುಟ್ಟ ಟ್ಯೂಬ್ ತಂದು ತೋರಿಸಿದೆ.

"ಇಷ್ಟೇನಾ? ಚಲೋ ಐತೇನು?"

"ಭಾಳ ಚಲೋ ಐತಿ. ಏನೂ ಕೆಟ್ಟಿಲ್ಲ."

ನಕ್ಕ. ಟ್ಯೂಬ್ ವಾಪಸ್ ಇಟ್ಟು ಬಂದಾಗ ಫಾರಂ ಹಾಗೇ ಇತ್ತು. ಪೆನ್ನಿನ ಮುಚ್ಚಳ ಕೂಡ ತೆಗೆದಿರಲಿಲ್ಲ.

"ಅದು ನಿನ್ನ ಹತ್ರಾನೇ ಇರ್ಲಿ. ಆವತ್ತು ಮೊದ್ಲು ಕೇಳಬೇಕಾಗಿದ್ದು ಒಂದಿತ್ತಲ್ಲ. ಅದನ್ನ ಕೇಳು."

ಬೆಂಚಿನ ಮೇಲೆ ಪಕ್ಕದಲ್ಲಿ ಕೂತೆ.

"ಭಾಳ ನೋವೈತೇನೋ?"

"ಹೂಂ. ಇಲ್ಲದ್ದೇ ನೋಯ್ತೈತಿ ನೋಡು. ಮಣಕಾಲು."

ಎಲ್ಲಿ ಎಂದೆ. ನನ್ನ ಕೈ ಹಿಡಿದು ಅಲ್ಲಿಟ್ಟುಕೊಂಡ. ಮಡಿಚಿ ಪಿನ್ ಹಾಕಿದ ಪ್ಯಾಂಟಿನಾಚೆ, ಬರೀ ಬೆಂಚು. ತೆಗೆಯಲಿಲ್ಲ ಕೈ. ಈಗ ಕಡಿಮೆ ಆಯ್ತೇನೋ ಎಂದೆ. "ಇನ್ನೊಂಚೂರು ಹಂಗೇ ಇರ್ಲಿ ಕೈ" ಎಂದ ಅವನು.