ನೀವು ಓದದೇ ಮುಗಿಸಿದ ಕಾದಂಬರಿ

ರೀ,

ಅತ್ತೆಗೆ ಊಟ ತಗೊಂಡು ಆಸ್ಪತ್ರೆಗೆ ಹೊರಟೆ. ನಿಮ್ಮದು ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನಿ.

ನಿಮ್ಮ ಕಾದಂಬರಿ ಮುಗೀತು, ಅಭಿನಂದನೆಗಳು. ಅತ್ತೆ ಆಸ್ಪತ್ರೆ ಸೇರಿದಾಗಿನಿಂದ ನೀವು ಒಂದೇ ಪುಟ ಹಿಡ್ಕೊಂಡು ಕೂತಿರೋದು ನೋಡಲಾರದೆ, ಗುರುತಿಗಿಟ್ಟ ಬಸ್ ಟಿಕೆಟನ್ನ ದಿನಾ ಕಸ ಗುಡಿಸೋವಾಗ ನಾನೇ ಮುಂದೆ ಸರಿಸ್ತಿದ್ದೆ. ಈಗ ಅದು ಕೊನೇ ಪುಟದಲ್ಲಿದೆ. ಮೊನ್ನೆ ನೀವು, "ಕಥೆ ಈಗ ಬಿಗಿಯಾಗ್ತಿದೆ ಕಣೇ" ಅಂದ್ರಿ! ಪ್ರೆಸ್ಸಲ್ಲಿ ಪ್ರೂಫ್ ನೋಡ್ತಾ ಊರವರ ತಪ್ಪೆಲ್ಲ ಹುಡುಕಿ ತಿದ್ದೋ ಕಣ್ಣು ಅದು!

ಸಂಜೆ ಬರುವಾಗ ಅತ್ತೆಯ ಕನ್ನಡಕ, ಶಾಲು, ಜೊತೆಗೆ ಆ ಪುಸ್ತಕ ತನ್ನಿ. "ಬಂದ್ರೂ ಗೋಡೆ ನೋಡ್ತಾ ಕೂತಿರ್ತಾನೆ" ಅಂತ ಅವರು ಬೇಜಾರು ಮಾಡ್ಕೊಂಡಿದ್ದಾರೆ. ಮೊದಲ ಪುಟದಿಂದ ಜೋರಾಗಿ ಓದಿ. ಅರ್ಧ ಪುಟಕ್ಕೇ ಅವರಿಗೆ ನಿದ್ದೆ ಹತ್ತುತ್ತೆ, ನಾಳೆ ಮತ್ತೆ ಅದೇ ಪುಟ ಓದಬೇಕಾಗುತ್ತೆ.

ನಿಮಗೆ ಹೇಗೂ ಅಭ್ಯಾಸ ಇದೆಯಲ್ಲ.