ಉಸಿರು ಬಿಡದ ಮುದ್ದು ಸೊಸೆ

ಭಾನುವಾರ, ಫೆಬ್ರವರಿ ೯

ಮಿಂಚುಳ್ಳಿ ಹಾರಿಹೋದದ್ದಕ್ಕೆ ಬೇಸರವಿಲ್ಲ. ಅಕ್ಕನ ಮಗಳ ಮೇಲೆ ರೇಗಿದ್ದು ಮಾತ್ರ ಮನಸ್ಸನ್ನು ಕೊರೆಯುತ್ತಿದೆ.

ಫೋಟೋ ತೆಗೆಯುವಾಗ ಕೈ ಅಲುಗದಿರಲು ಉಸಿರು ಬಿಗಿಹಿಡಿಯಬೇಕೆಂದು ನಾನೇ ಅವಳಿಗೆ ಕಲಿಸಿದ್ದೆ. ಇವತ್ತು ಕೆರೆಯ ದಂಡೆಯಲ್ಲಿ ಕ್ಯಾಮೆರಾ ಇದ್ದದ್ದು ನನ್ನ ಕೈಯಲ್ಲಿ, ಉಸಿರು ಹಿಡಿದದ್ದು ಅವಳು. ಮುಖ ಕೆಂಪೇರುವವರೆಗೆ ತಡೆದು ಕೊನೆಗೆ ಕೆಮ್ಮಿಬಿಟ್ಟಳು. ಹಕ್ಕಿ ಹಾರಿತು.

"ಹೇಳಿದ್ದು ತಲೆಗೆ ಹೋಗಲ್ವಾ?" ಎಂದೆ. ಅದು ನಮ್ಮ ಮೇಷ್ಟ್ರ ಮಾತು. ಅದನ್ನು ಕೇಳಲಾರದೆ ಶಾಲೆ ಬಿಟ್ಟವನು ನಾನು.

"ಹಿಡ್ಕೋ ಅಂದೆ ಮಾಮ, ಯಾವಾಗ ಬಿಡ್ಬೇಕು ಅಂತ ಹೇಳ್ಲೇ ಇಲ್ವಲ್ಲ."

ನಿಜ, ಹೇಳಿರಲಿಲ್ಲ. "ತಪ್ಪು ನಂದೇ ಕಣೇ" ಎಂದು ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿದೆ. ಅವಳು ಖಾಲಿ ಕೊಂಬೆಯ ಫೋಟೋ ತೆಗೆದಳು.

"ಇಲ್ಲೇ ಕೂತಿತ್ತು ಅಂತ ಅಮ್ಮಂಗೆ ತೋರಿಸ್ತೀನಿ."

ಅವಳ ಮೇಲಿನ ಮುದ್ದಿನಿಂದ ಬರೆಯುತ್ತಿಲ್ಲ, ಚಿತ್ರ ನಿಜಕ್ಕೂ ಒಂಚೂರೂ ಅಲುಗಿಲ್ಲ.